ಅಪ್ಪನ ಮೇಲೆ ಸಿಟ್ಟು ಬರುತ್ತೆ, ನಾನು ಕೆಟ್ಟ ಮಗನಾ?

ಹೆಸರು ಹಾಕಬೇಡಿ ಅಂದ ಓದುಗರಿಗೆ,

ನಿಮ್ಮ ಪತ್ರ ಉದ್ದವಿತ್ತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನಿಮಗೆ 17 ವರ್ಷ. 48 ವರ್ಷದ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಅವರು ಸಣ್ಣಪುಟ್ಟದ್ದಕ್ಕೂ ರೇಗುತ್ತಾರೆ, ನಿಮಗೂ ಸಿಟ್ಟು ಬರುತ್ತದೆ. ಅಳು ಮಾತ್ರ ಬರುವುದಿಲ್ಲ. ಗೆಳೆಯರ ಜೊತೆ ನಕ್ಕು ಮನೆಗೆ ಬಂದರೆ ಏನೋ ಕದ್ದು ತಂದ ಹಾಗೆ ಅನ್ನಿಸುತ್ತದೆ. ಕೊನೆಗೆ ಕೇಳಿದ್ದೀರಿ: ‘ನಾನು ಕೆಟ್ಟ ಮಗನಾ?’

ಅಲ್ಲ.

ಮೊದಲು ಅಪ್ಪನ ರೇಗಾಟ. ಕೀಮೋದಿಂದ ವಾಂತಿಯಾಗದಿರಲಿ ಅಂತ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಡುತ್ತಾರೆ. ಅದು ನಿದ್ದೆ ಕೆಡಿಸಬಹುದು, ಸುಮ್ಮಸುಮ್ನೆ ಸಿಟ್ಟು ಬರಿಸಬಹುದು. ನಿಲ್ಲಿಸಿದ ಮೇಲೆ ಕೆಲವರು ಪೂರಾ ಸುಸ್ತಾಗಿ ಮಂಕಾಗುತ್ತಾರೆ. ಇನ್ನು ಕರುಳಿನ ಕ್ಯಾನ್ಸರ್‌ಗೆ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಕೊಡುತ್ತಿದ್ದರೆ, ತಣ್ಣನೆಯ ಲೋಟ ಮುಟ್ಟಿದರೂ ಬೆರಳು ಚುಚ್ಚುತ್ತದೆ, ಗಂಟಲು ಹಿಡಿದಂತಾಗುತ್ತದೆ. ಫ್ರಿಜ್ ನೀರು ತಂದುಕೊಟ್ಟು ಬೈಸಿಕೊಂಡೆ ಅಂತ ಬರೆದಿದ್ದೀರಲ್ಲ, ಕಾರಣ ಇದೇ ಇರಬಹುದು. ಕ್ಯಾಲೆಂಡರ್‌ನಲ್ಲಿ ಕೀಮೋ ದಿನಗಳನ್ನೂ ಬೈಗುಳ ತಿಂದ ದಿನಗಳನ್ನೂ ಗುರುತು ಮಾಡಿ ನೋಡಿ. ಎರಡೂ ಹತ್ತಿರ ಹತ್ತಿರ ಬಂದರೆ ಆ ಸಿಟ್ಟು ನಿಮ್ಮ ಮೇಲಿನದಲ್ಲ ಅಂತ ಗೊತ್ತಾಗುತ್ತದೆ. ಹಾಗಂತ ನಿಮಗೆ ನೋವಾಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಕಾರಣ ಗೊತ್ತಿದ್ದರೂ ಬೈಗುಳ ಬೈಗುಳವೇ.

ಅಳು ಬರದಿರುವುದಕ್ಕೆ ಹೆದರಬೇಡಿ. ನಿಮ್ಮ ವಯಸ್ಸಿನವರಲ್ಲಿ ಸಂಕಟ ಎಷ್ಟೋ ಸಲ ಸಿಟ್ಟಾಗಿ, ತಲೆನೋವಾಗಿ ಹೊರಗೆ ಬರುತ್ತದೆ. ಪುಸ್ತಕ ಹಿಡಿದರೆ ಒಂದು ಸಾಲೂ ತಲೆಗೆ ಹೋಗುವುದಿಲ್ಲ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ಅಷ್ಟೂ ದಿನ ಮುಖ ಸಪ್ಪಗಿಟ್ಟುಕೊಂಡು ಕೂರಲು ಯಾರಿಂದ ಆಗುತ್ತೆ ಹೇಳಿ? ಗೆಳೆಯರ ಜೊತೆ ಹೋಗಿ, ನಕ್ಕು ಬನ್ನಿ. ಅಪ್ಪನಿಂದ ನೀವು ಏನನ್ನೂ ಕದ್ದಿಲ್ಲ.

‘ನೀನೇ ಧೈರ್ಯವಾಗಿರಬೇಕಪ್ಪಾ’ ಅನ್ನುವ ನೆಂಟರ ಮೇಲೆ ನನಗೆ ತಕರಾರಿದೆ. ಉದ್ದೇಶ ಒಳ್ಳೆಯದೇ, ಆದರೆ ಆ ಮಾತು ಕೇಳಿದ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ, ಅಷ್ಟೇ. ನಿಮ್ಮ ಮನೆಯಲ್ಲೇ ನೋಡಿ. ನಿಮಗೆ ಕೇಳಿಸದಿರಲಿ ಅಂತ ಅಮ್ಮ ನಲ್ಲಿ ಬಿಟ್ಟು ಅಳುತ್ತಾರೆ. ಅವರಿಗೆ ಗೊತ್ತಾಗದಿರಲಿ ಅಂತ ನೀವು ಹೆಡ್‌ಫೋನ್ ಹಾಕಿಕೊಳ್ಳುತ್ತೀರಿ. ಎಲ್ಲವನ್ನೂ ಒಂದೇ ದಿನ ತೋಡಿಕೊಳ್ಳಬೇಕಿಲ್ಲ. ‘ಮುಂದಿನ ಸ್ಕ್ಯಾನ್ ಯಾವಾಗಮ್ಮ? ರಿಪೋರ್ಟ್ ಬಂದ ದಿನವೇ ನನಗೂ ಹೇಳು’ ಅಂತ ಕೇಳಿ. ಅವರು ಹೇಳದಿದ್ದರೆ ನೀವು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕುತ್ತೀರಿ, ಅಲ್ಲಿ ಸಿಗುವುದು ಯಾರದೋ ಬೇರೆ ಹಂತದ ಕಾಯಿಲೆ.

ಒಂದು ಜವಾಬ್ದಾರಿ ಬೇಕು ಅಂದಿದ್ದೀರಿ. ಥರ್ಮಾಮೀಟರ್ ನೀವು ನೋಡಿಕೊಳ್ಳಿ. ಕೀಮೋ ಆದ ಮೇಲೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ನಿಮಗೆ ನೆಗಡಿಯಾಗಿದ್ದರೆ ಅಪ್ಪನಿಂದ ದೂರವಿರಿ.

ಎರಡು ವಾರ ಕಳೆದರೂ ಸರಿಯಾಗಿ ನಿದ್ದೆ, ಊಟ ಇಲ್ಲದಿದ್ದರೆ ಸಹಾಯ ಕೇಳಿ. ಸಾಯಬೇಕು ಅನ್ನಿಸಿದರಂತೂ ಆ ದಿನವೇ ಯಾರಾದರೂ ದೊಡ್ಡವರಿಗೆ ಹೇಳಿ. ಅನೇಕ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸೈಕೋ-ಆಂಕಾಲಜಿ, ಅಂದರೆ ಕ್ಯಾನ್ಸರ್ ತರುವ ಮನಸ್ಸಿನ ಸಂಕಟ ನೋಡಿಕೊಳ್ಳುವ ವಿಭಾಗ ಇರುತ್ತದೆ. ಅಲ್ಲಿ ರೋಗಿಯ ಮನೆಯವರ ಜೊತೆಗೂ ಮಾತಾಡುತ್ತಾರೆ.

ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ನನಗೂ ಬರುತ್ತಾ?’ ಅಂತ ಬರೆದು ಅಳಿಸಿದ್ದೀರಿ. ಅದೂ ಕೇಳಬೇಕಾದ ಪ್ರಶ್ನೆಯೇ. ಕರುಳಿನ ಕ್ಯಾನ್ಸರ್ ಹೆಚ್ಚಿನವರಿಗೆ ವಂಶದಿಂದ ಬರುವುದಿಲ್ಲ. ಆದರೆ ಅಪ್ಪನಿಗೆ 50ಕ್ಕೆ ಮೊದಲೇ ಬಂದಿದೆ. ಹಾಗಾಗಿ ಲಿಂಚ್ ಸಿಂಡ್ರೋಮ್‌ಗೆ (ಕರುಳಿನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ) ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಅದು ಇದ್ದರೆ ನಿಮ್ಮ ತಪಾಸಣೆ ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗಬೇಕಾಗಬಹುದು. ಇಲ್ಲದಿದ್ದರೆ, ಅಪ್ಪನಿಗೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ) ಮಾಡಿಸಿ ಅನ್ನುವುದು ಡಾಕ್ಟರುಗಳ ರೂಢಿಯ ಸಲಹೆ. ಅಂದರೆ ನಿಮಗೆ 38 ಆದಾಗ.