ಎತ್ತರ ಯಾರಿಗೆ ಬೇಕು, ಯಾರಿಗೆ ಬೇಡ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ಅಲ್ಲಿನ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಪಂದ್ಯಗಳ ವಿಡಿಯೊ ತುಣುಕುಗಳನ್ನು ಕಳುಹಿಸುತ್ತಿರುತ್ತಾನೆ. ನೋಡಿದವರೆಲ್ಲ ಆರಡಿ ಮೀರಿದ ದೈತ್ಯರೇ. ನಮ್ಮೂರ ಗರಡಿಮನೆಗಳಲ್ಲಿ ಕುಳ್ಳ ಪೈಲ್ವಾನರೂ ಹೆಸರು ಮಾಡಿದ್ದನ್ನು ಕಂಡವನು ನಾನು. ಈ ಆಟದಲ್ಲಿ ಎತ್ತರವಿಲ್ಲದವರಿಗೆ ಜಾಗವೇ ಇಲ್ಲವೇ?
– ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಖಂಡಿತ ಇದೆ. ಆದರೆ ಮೈದಾನದಲ್ಲಿರುವ ಹನ್ನೊಂದು ಜನರಲ್ಲಿ ಒಬ್ಬೊಬ್ಬರ ಕೆಲಸವೂ ಬೇರೆಯಾಗಿರುವುದರಿಂದ, ಎತ್ತರಕ್ಕೆ ಸಿಗುವ ಬೆಲೆಯೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ.

ಈ ಬಗ್ಗೆ ಅತಿ ಹೆಚ್ಚು ಚರ್ಚೆ ನಡೆಯುವುದು ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ. ಅವನ ಮುಂದೆ ಅವನದೇ ತಂಡದ ಐವರು ಗೋಡೆಯಂತೆ ನಿಂತಿರುತ್ತಾರೆ. ಅವರ ಎತ್ತರ 6 ಅಡಿ 4 ಅಂಗುಲದ ಆಸುಪಾಸು, ತೂಕ ಸುಮಾರು 140 ಕೆ.ಜಿ. ಅವರಾಚೆ ಕೈ ಮೇಲೆತ್ತಿ ಚೆಂಡನ್ನು ಬಡಿದು ಬೀಳಿಸಲು ಕಾದಿರುವ ಎದುರಾಳಿಗಳು. ಇಷ್ಟು ಜನರ ತಲೆಗಳಾಚೆ ಓಡುತ್ತಿರುವ ತನ್ನ ಆಟಗಾರನನ್ನು ಎರಡು ಮೂರು ಸೆಕೆಂಡುಗಳೊಳಗೆ ಗುರುತಿಸಿ ಎಸೆಯಬೇಕಾದವನು ಎತ್ತರವಾಗಿರಲಿ ಎಂದು ತಂಡಗಳು ಬಯಸುವುದು ಸಹಜವೇ. ಅಲ್ಲಿ ವೃತ್ತಿಪರ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ, ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. ಕೇವಲ 6 ಅಡಿ ಎತ್ತರದ ಡ್ರೂ ಬ್ರೀಸ್ 2001ರ ಆಯ್ಕೆಯಲ್ಲಿ ಎರಡನೇ ಸುತ್ತಿನವರೆಗೆ ಕಾಯಬೇಕಾಯಿತು. 5 ಅಡಿ 11 ಅಂಗುಲದ ರಸೆಲ್ ವಿಲ್ಸನ್ 2012ರಲ್ಲಿ ಮೂರನೇ ಸುತ್ತಿನವರೆಗೆ. ಮುಂದೆ ಇಬ್ಬರೂ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು, ಬ್ರೀಸ್ ನಿವೃತ್ತರಾದಾಗ ಎಸೆತಗಳಿಂದ ತಂಡವನ್ನು ಮುಂದೊಯ್ದ ಒಟ್ಟು ಗಜಗಳ ದಾಖಲೆ, 80,358, ಅವರ ಹೆಸರಿನಲ್ಲೇ ಇತ್ತು.

ಇದು ಸಾಧ್ಯವಾದದ್ದು ಹೇಗೆಂದರೆ, ಕುಳ್ಳ ಕ್ವಾರ್ಟರ್‌ಬ್ಯಾಕ್ ತಲೆಗಳ ಮೇಲಿಂದ ನೋಡುವುದಕ್ಕಿಂತ ಹೆಚ್ಚಾಗಿ ನಡುವಿನ ಸಂದುಗಳಿಂದ ನೋಡುತ್ತಾನೆ. ಮಧ್ಯದ ತಡೆಗಾರರು ಹಿಂದೆ ಸರಿಯದೆ ನಿಂತರೆ ಅವನಿಗೆ ಮುಂದೆ ಹೆಜ್ಜೆಯಿಡಲು ಜಾಗ ಸಿಗುತ್ತದೆ, ಎಸೆಯುವ ದಾರಿಯೂ ತೆರೆದುಕೊಳ್ಳುತ್ತದೆ. 2019ರ ಆಯ್ಕೆಯಲ್ಲಿ 5 ಅಡಿ 10 ಅಂಗುಲದ ಕೈಲರ್ ಮರ್ರಿಗೆ ಮೊದಲ ಸ್ಥಾನವೇ ಸಿಕ್ಕಿತು. ಇದಕ್ಕೆ ತದ್ವಿರುದ್ಧವಾಗಿ, 1991ರಲ್ಲಿ ಸಿಯಾಟಲ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡ 6 ಅಡಿ 8 ಅಂಗುಲದ ಡ್ಯಾನ್ ಮ್ಯಾಕ್‌ಗ್ವೈರ್ ನೆಲೆಯೂರಲೇ ಇಲ್ಲ.

ಗರಡಿಯ ಮಾತು ನೀವೇ ಎತ್ತಿದ್ದರಿಂದ ಎದುರುಬದುರು ನಿಲ್ಲುವ ಸಾಲಿನ ಆಟಗಾರರನ್ನು ವಿವರಿಸುವುದು ಸುಲಭವಾಯಿತು. ಅಲ್ಲಿಯೂ ಸೊಂಟ ತಗ್ಗಿಸಿ ಎದುರಾಳಿಯ ಎದೆಯ ಕೆಳಗೆ ಹೊಕ್ಕವನದೇ ಮೇಲುಗೈ; ಎತ್ತರದವನು ಮೈ ನೆಟ್ಟಗೆ ಮಾಡಿದನೆಂದರೆ ಹಿಂದಕ್ಕೆ ತಳ್ಳಿಸಿಕೊಂಡನೆಂದೇ ಅರ್ಥ. ಈ ಜಾಗಕ್ಕೆ ಗಿಡ್ಡ ಎನಿಸಿಕೊಂಡಿದ್ದ 6 ಅಡಿ 1 ಅಂಗುಲದ ಆರನ್ ಡೊನಾಲ್ಡ್ ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಆದರೆ ಕ್ವಾರ್ಟರ್‌ಬ್ಯಾಕ್‌ನ ಪಕ್ಕಗಳನ್ನು ಕಾಯುವ ಟ್ಯಾಕಲ್‌ಗಳಿಗೆ ಉದ್ದ ತೋಳುಗಳು ಬೇಕೇಬೇಕು. ಎದುರಾಳಿ ಹತ್ತಿರ ಬರುವ ಮೊದಲೇ ಅವನ ಎದೆಗೆ ಕೈಯೂರಬೇಕಲ್ಲ! ಆಯ್ಕೆಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಪರೀಕ್ಷೆಯಲ್ಲಿ ಎತ್ತರದ ಜೊತೆಗೆ ತೋಳು, ಅಂಗೈಗಳನ್ನೂ ಅಳೆಯುವುದು ಇದಕ್ಕಾಗಿಯೇ. ನನ್ನ ಅಭಿಪ್ರಾಯದಲ್ಲಿ ಈ ಜಾಗಕ್ಕೆ ಎತ್ತರಕ್ಕಿಂತ ತೋಳಿನ ಅಳತೆಯೇ ಹೆಚ್ಚು ನಂಬಲರ್ಹ.

ಚೆಂಡನ್ನು ಹಿಡಿದು ಓಡುವ ರನಿಂಗ್ ಬ್ಯಾಕ್‌ಗಂತೂ ಕುಳ್ಳತನ ವರವೇ ಆಗಬಹುದು. ದೊಡ್ಡ ಮೈಗಳ ಹಿಂದೆ ಮರೆಯಾಗಿ ಓಡುವವನು ಎದುರಾಳಿಗಳ ಕಣ್ಣಿಗೆ ತಡವಾಗಿ ಬೀಳುತ್ತಾನೆ. ಗುರುತ್ವಕೇಂದ್ರ ಕೆಳಗಿರುವುದರಿಂದ ಥಟ್ಟನೆ ದಿಕ್ಕು ಬದಲಿಸಿದರೂ ಮುಗ್ಗರಿಸುವುದಿಲ್ಲ. 5 ಅಡಿ 8 ಅಂಗುಲದ ಬ್ಯಾರಿ ಸ್ಯಾಂಡರ್ಸ್ ಡೆಟ್ರಾಯಿಟ್ ತಂಡಕ್ಕಾಗಿ ಹತ್ತು ಋತುಗಳಲ್ಲಿ 15,269 ಗಜ ಓಡಿದ್ದು ಹೀಗೆಯೇ. ಡ್ಯಾರೆನ್ ಸ್ಪ್ರೋಲ್ಸ್ ಅವರ ಎತ್ತರ ಇನ್ನೂ ಕಡಿಮೆ, 5 ಅಡಿ 6 ಅಂಗುಲ. ಚೆಂಡನ್ನು ಒದೆಯುವ ಕಿಕ್ಕರ್‌ನ ಎತ್ತರವನ್ನು ಯಾರೂ ಅಷ್ಟಾಗಿ ಲೆಕ್ಕಿಸುವುದಿಲ್ಲ; ಆ ಒದೆತವನ್ನು ತಡೆಯಲು ಎದುರು ತಂಡದವರು ಸಾಲಿನ ನಡುವೆ ನಿಲ್ಲಿಸುವುದು ಮಾತ್ರ ತಮ್ಮಲ್ಲಿ ಅತಿ ಎತ್ತರಕ್ಕೆ ಕೈ ಚಾಚಬಲ್ಲವನನ್ನೇ.