ಲೆಕ್ಕ ಬಿಡಿಸಿದರೆ ಹಸಿವಾಗುತ್ತದೆಯೇ?

ಪ್ರಶ್ನೆ: ಗಂಟೆಗಟ್ಟಲೆ ಕಷ್ಟದ ಲೆಕ್ಕಗಳನ್ನು ಬಿಡಿಸಿದ ಮೇಲೆ ನನಗೆ ವಿಪರೀತ ಹಸಿವಾಗುತ್ತದೆ. ಮಿದುಳು ಅಷ್ಟೊಂದು ಶಕ್ತಿ ಬಳಸುತ್ತದೆಯೇ? ದುಡಿಯುವ ಜೀವಕೋಶಕ್ಕೆ ಅದು ಎಲ್ಲಿಂದ ಸಿಗುತ್ತದೆ?
– ಪದವಿ ವಿದ್ಯಾರ್ಥಿನಿ

ಉತ್ತರ: ಹಸಿವಿನ ಹೊಣೆಯನ್ನು ಮಿದುಳಿನ ಶಕ್ತಿಖರ್ಚಿನ ಮೇಲೆ ಹೊರಿಸಬೇಡಿ, ಊಟವಾಗಿ ಬಹಳ ಹೊತ್ತಾಗಿರಬಹುದು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ನುಂಗುತ್ತದೆ, ನಿಜ. ಆದರೆ ನೀವು ಸುಮ್ಮನೆ ಕುಳಿತಾಗಲೂ ಆ ಖರ್ಚು ತಪ್ಪಿದ್ದಲ್ಲ. ಲೆಕ್ಕಕ್ಕೆ ಕುಳಿತರೆ ಒಟ್ಟು ಮೊತ್ತ ಅಲ್ಪಸ್ವಲ್ಪ ಏರೀತು.

ಸ್ವಾರಸ್ಯವಿರುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ನರಕೋಶ ಕೈಯಲ್ಲಿ ಕಾಸು ನಿಲ್ಲದ ದುಂದುಗಾರ. ರಕ್ತದ ಹರಿವು ಪೂರ್ತಿ ನಿಂತರೆ 10 ಸೆಕೆಂಡುಗಳ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಕೂಡಿಡುವ ಗುಣವೇನಿದ್ದರೂ ಅದರ ನೆರೆಯ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳದು. ಮಿದುಳಿನ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ಬಹುಪಾಲು ಇವುಗಳಲ್ಲೇ ಇರುತ್ತದೆ. ನಕ್ಷತ್ರದಂತೆ ಕೈಚಾಚಿದ ಈ ಕೋಶಗಳು ಒಂದು ಕಡೆ ರಕ್ತನಾಳವನ್ನು ತಬ್ಬಿಕೊಂಡಿರುತ್ತವೆ, ಇನ್ನೊಂದು ಕಡೆ ನರಕೋಶಗಳ ಸಂಧಿಗಳನ್ನು, ಅಂದರೆ ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟುವ ಜಾಗಗಳನ್ನು, ಸುತ್ತುವರಿದಿರುತ್ತವೆ.

ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ಕಪ್ಪುಹಲಗೆಯ ತುಂಬ ಒಂದೇ ಒಂದು ಸಂಧಿಯನ್ನು ಬಿಡಿಸುತ್ತೇನೆ. ನರಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲಿ ಸಂದೇಶ ಮುಟ್ಟಿಸುತ್ತದೆ. ಚೆಲ್ಲಿದ್ದನ್ನು ಆಸ್ಟ್ರೋಸೈಟ್ ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಸೋಡಿಯಂ ಕೂಡ ನುಗ್ಗುತ್ತದೆ. ಅದನ್ನು ಹೊರದಬ್ಬಲು ಪಂಪು ಓಡಬೇಕು, ಪಂಪಿಗೆ ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಬೇಕು, ಎಟಿಪಿಗಾಗಿ ಗ್ಲೂಕೋಸ್ ಒಡೆಯಬೇಕು. ಆಗ ಹುಟ್ಟುವ ಲ್ಯಾಕ್ಟೇಟ್ ಹೊರಬಿದ್ದು ನರಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳಿಗೆ ಇಂಧನವಾಗುತ್ತದೆ. 1994ರಲ್ಲಿ ವಿಜ್ಞಾನಿಗಳಾದ ಲುಕ್ ಪೆಲ್ಲೆರಿನ್ ಮತ್ತು ಪಿಯರ್ ಮ್ಯಾಜಿಸ್ಟ್ರೆಟ್ಟಿ ಮುಂದಿಟ್ಟ ವಾದವಿದು. ಸಂದೇಶವೇ ಇಂಧನದ ಬೇಡಿಕೆಯೂ ಆಗುವ ಈ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ಹಾಗೆಂದು ಎಲ್ಲರೂ ಒಪ್ಪಿಲ್ಲ. ನರಕೋಶ ಗ್ಲೂಕೋಸನ್ನು ನೇರವಾಗಿಯೂ ಬಳಸುತ್ತದೆ. ದುಡಿಮೆ ಏರಿದಾಗ ಯಾವುದರ ಪಾಲು ಎಷ್ಟು ಎಂಬ ಜಗಳ ಇನ್ನೂ ಹರಿದಿಲ್ಲ.

ರಕ್ತದ ಹಂಚಿಕೆಯೂ ಸ್ಥಳೀಯವೇ. ದುಡಿಯುವ ಭಾಗದ ಕಿರಿಯ ಅಪಧಮನಿಗಳು ಒಂದೆರಡು ಸೆಕೆಂಡುಗಳಲ್ಲೇ ಹಿಗ್ಗುತ್ತವೆ. ವಿಜ್ಞಾನಿಗಳಾದ ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಇಂಥದ್ದೊಂದು ವ್ಯವಸ್ಥೆ ಇರಬೇಕೆಂದಿದ್ದರು. ವಿಚಿತ್ರವೆಂದರೆ, ಹೀಗೆ ಬರುವ ಆಮ್ಲಜನಕ ಆ ಭಾಗದ ಬಳಕೆಯನ್ನೂ ಮೀರುತ್ತದೆ; ಮಿದುಳಿನ ಚಟುವಟಿಕೆ ಗುರುತಿಸಲು ಬಳಸುವ ಎಫ್‌ಎಂಆರ್‌ಐ ಸ್ಕ್ಯಾನ್ ಚಿತ್ರದ ಬಣ್ಣದ ಮಚ್ಚೆಗಳು ಈ ಮಿಗುತಾಯದ ಗುರುತು, ಯೋಚನೆಯ ಫೋಟೋ ಅಲ್ಲ.

ಖರ್ಚಿಗೆ ಕಡಿವಾಣವೂ ಉಂಟು. ಎಟಿಪಿ ಸವೆದಂತೆ ಅಡೆನೊಸಿನ್ ಎಂಬ ರಾಸಾಯನಿಕ ಸೇರಿಕೊಂಡು ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಕಾಫಿಯಲ್ಲಿರುವ ಕೆಫೀನ್ ಮಾಡುವುದು ಅಡೆನೊಸಿನ್ ಕೂರಬೇಕಾದ ಜಾಗವನ್ನು ಆಕ್ರಮಿಸುವ ಕೆಲಸ. ಲೆಕ್ಕ ಬಿಡಿಸಲು ಅದರಿಂದ ಶಕ್ತಿ ಸಿಗುವುದಿಲ್ಲ.