‘ನಾ ಬರೇ ಆರಸ್ತೀನ್ರಿ’

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ರಾತ್ರಿಯೆಲ್ಲಾ ಲೈವ್ ಚಾಟ್ ಆ್ಯಪ್ ಬಿಡಲಾಗದ ತೊಂದರೆ ಹೊತ್ತು ಆಪ್ತಸಲಹೆಗೆ ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಗದಗ ಕಡೆಯ ಯುವಕ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರಲ್ಲಿ ಪರೀಕ್ಷೆ ಬರೆದ. ಅಕ್ರಮ ಬಯಲಾಗಿ ಮರುವರ್ಷ ಅದು ರದ್ದಾಯಿತು. 2024ರ ಜನವರಿಯಲ್ಲಿ ಮರುಪರೀಕ್ಷೆ ಬರೆದರೂ ಆಗಲಿಲ್ಲ. ಕರೆತಂದವರು ಅವನ ಅಣ್ಣ. ‘ರಾತ್ರಿಯೆಲ್ಲಾ ಲೈವ್ ಚಾಟ್‌ನ್ಯಾಗ ಹುಡುಗ್ಯಾರ ಜೋಡಿ ಮಾತಾಡ್ತಾನ್ರಿ ಮೇಡಂ’ ಎಂಬುದು ಅವರ ದೂರು.

ಎರಡು ಭೇಟಿಯವರೆಗೆ ನಾನೂ ಅದನ್ನೇ ನಂಬಿದ್ದೆ. ಮೂರನೆಯ ಸಲ, ರಾತ್ರಿ ಏನು ಮಾಡುತ್ತೀಯೋ ಅದನ್ನು ನನ್ನೆದುರೇ ಮಾಡು ಎಂದೆ. ಮೊಬೈಲ್ ತೆಗೆದ. ಸಾಲುಸಾಲು ಫೋಟೊ, ಮೂಲೆಯಲ್ಲಿ ಹಸಿರು ಚುಕ್ಕೆ, ವಯಸ್ಸು, ಭಾಷೆ, ನಿಮಿಷಕ್ಕೆ ಇಷ್ಟು ಕಾಯಿನ್ ಎಂಬ ದರ. ಒಂದು ಪ್ರೊಫೈಲ್ ತೆರೆದ, ಪರಿಚಯದ ಸಾಲು ಓದಿದ, ಹಿಂದಕ್ಕೆ ಬಂದ. ಇನ್ನೊಂದು ತೆರೆದ. ಹೆಬ್ಬೆರಳು ‘ಜಾಯಿನ್’ ತನಕ ಹೋಗಿ ತಿರುಗಿ ಬರುತ್ತಿತ್ತು. ಇಪ್ಪತ್ತು ನಿಮಿಷವಾದರೂ ಒಂದು ಚಾಟ್ ರೂಮಿಗೂ ಹೋಗಲಿಲ್ಲ.

‘ಒಳಗ ಯಾಕ ಹೋಗೂದಿಲ್ಲಪಾ?’

‘ನಾ ಬರೇ ಆರಸ್ತೀನ್ರಿ ಮೇಡಂ. ಉಳದ ಕಡೆ ಎಲ್ಲಾ ಲಿಸ್ಟ್‌ನ್ಯಾಗ ನನ್ನ ಹೆಸರು ಹುಡುಕಬೇಕು. ಇಲ್ಲಿ ಲಿಸ್ಟ್ ನನ್ನ ಕೈಯಾಗ ಐತಿ.’

ತಕ್ಷಣ ನನಗೆ ಮಾತು ಹೊರಡಲಿಲ್ಲ. ಆಮೇಲೆ ಕೇಳಿದಾಗ ತಿಳಿಯಿತು: ಯಾವ ಕೋಚಿಂಗ್, ಯಾವ ಪರೀಕ್ಷೆ ಎಲ್ಲವನ್ನೂ ಅಣ್ಣನೇ ನಿಶ್ಚಯಿಸುತ್ತಿದ್ದರು. ಅರ್ಜಿಯನ್ನೂ ಅವರೇ ತುಂಬುತ್ತಿದ್ದರು.

ಆ್ಯಪ್ ಅಳಿಸು ಎಂದು ನಾನು ಹೇಳಲಿಲ್ಲ. ಅಣ್ಣನಿಗೆ ಸಿಟ್ಟು ಬಂತು. ಅಳಿಸಿದ್ದನ್ನು ಮತ್ತೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು, ಮೇಲೆ ಕದ್ದು ನೋಡಿದ ಪಾಪಪ್ರಜ್ಞೆ ಬೇರೆ. ಆ ಪುಟಕ್ಕೆ ಕೊನೆಯೇ ಇಲ್ಲ. ಮುಂದಿನ ಮುಖ ಇನ್ನೂ ಚೆಂದ ಇದ್ದೀತು ಎಂಬ ಆಸೆಯೇ ಬೆರಳನ್ನು ಎಳೆಯುತ್ತದೆ. ಹಾಗಾಗಿ ಕೊನೆಯನ್ನು ನಾವೇ ಹಾಕಬೇಕು: ಐದು ಪ್ರೊಫೈಲ್, ಹದಿನೈದು ನಿಮಿಷ. ಮಾತಾಡುವುದಿದ್ದರೆ ಮಾತಾಡು, ಇಲ್ಲವೇ ಮುಚ್ಚು. ಹತ್ತು ಗಂಟೆಯ ನಂತರ ಮೊಬೈಲ್ ರೂಮ್‌ಮೇಟ್ ಟೇಬಲ್ ಮೇಲಿರಲಿ. ನಿದ್ದೆ ಬಾರದೆ ಜೀವ ಚಡಪಡಿಸಿದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡು. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದನ್ನು ಒತ್ತಿ ಹೇಳಿದೆ, ಇದು ಓದುವ ಎಲ್ಲರಿಗೂ. ಫೋಟೊದಲ್ಲಿರುವವರೇ ಮಾತಾಡುತ್ತಾರೆಂಬ ಖಾತ್ರಿಯಿಲ್ಲ. ವಿಡಿಯೊ ಕಾಲ್ ರೆಕಾರ್ಡ್ ಮಾಡಿಕೊಂಡು ಹೆದರಿಸಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನನ್ನ ಮುಖ್ಯ ಸಲಹೆ ಮಾತ್ರ ಅಣ್ಣನಿಗೆ: ಮೂರು ತಿಂಗಳು ತಮ್ಮನ ಯಾವ ಅರ್ಜಿಯನ್ನೂ ನೀವು ತುಂಬಬೇಡಿ. ‘ಅವಂಗೇನ್ ತಿಳೀತದರೀ?’ ಅಂದರು. ತಿಳಿಯಲೇಬೇಕಾದ ವಯಸ್ಸು ಎಂದೆ, ಸ್ವಲ್ಪ ಜೋರಾಗಿಯೇ.

ಹೋದ ವಾರ ಹುಡುಗ ಒಬ್ಬನೇ ಬಂದಿದ್ದ. ಒಂದು ಪರೀಕ್ಷೆಯ ಅರ್ಜಿ ಹಾಕದೆ ಬಿಟ್ಟಿದ್ದಾನೆ. ಅದನ್ನು ಅಪ್ಪನಿಗೆ ತಾನೇ ಫೋನ್ ಮಾಡಿ ಹೇಳಿದ್ದಾನೆ. ಆ್ಯಪ್ ಇನ್ನೂ ಮೊಬೈಲ್‌ನಲ್ಲಿದೆ.